ನಮ್ಮ ಸೀನಿಯರ್ ಹೇಳದೆ ಉಳಿಸಿದ ಪದ

ಕೋರ್ಟಿನ ವಕೀಲರ ಕೋಣೆಯಲ್ಲಿ ನಮ್ಮ ಸೀನಿಯರ್ ಅವರ ಫೋಟೋ ತೂಗುಹಾಕಿದ ದಿನ ನಾಲ್ಕು ಮಾತು ಆಡಬೇಕೆಂದು ವಕೀಲರ ಸಂಘದವರು ನನಗೆ ಹೇಳಿದ್ದರು. ಆ ನಾಲ್ಕು ಮಾತಿಗಾಗಿ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾತಾಡುವಾಗಲೇ ಮೊಳೆ ಸಡಿಲವಾಗಿ ಫೋಟೋ ಬಿದ್ದರೆ ಏನು ಗತಿ ಎಂಬುದೂ ಚಿಂತೆಗಳಲ್ಲೊಂದಾಗಿತ್ತು. ಫೋಟೋ ಗಟ್ಟಿಯಾಗಿ ನಿಂತಿತು. ನಾನು ನಿಲ್ಲಲಿಲ್ಲ. "ಅವರು ಬಹಳ ವಿವೇಕಿಗಳಾಗಿದ್ದರು" ಎಂದು ಶುರುಮಾಡಿ, ಅಷ್ಟೆಂದರೆ ಸಾಲದು ಎನ್ನಿಸಿ, ಯಾವ ಥರದ ವಿವೇಕ ಎಂದು ಬಿಡಿಸಿ ಹೇಳಲು ಹೋಗಿ, ನಡುವೆ ಎಲ್ಲೋ ಸಿಕ್ಕಿಕೊಂಡು, ಟೀ ಬಂದದ್ದೇ ನೆಪವಾಗಿ ಕೂತುಬಿಟ್ಟೆ. ಅಂದು ಹೇಳಲಾಗದೆ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಮಧುಗಿರಿಯಲ್ಲಿ ಅವರ ಆಫೀಸಿಗೆ ಜೂನಿಯರ್ ಆಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಹೊಸ ಕಪ್ಪು ಕೋಟು ಬೆಟ್ಟದ ಕಡೆಯಿಂದ ಬರುವ ಬಿಸಿಲ ಝಳಕ್ಕೆ ಒಲೆಯ ಮೇಲಿಟ್ಟ ಹಾಗೆ ಕಾಯುತ್ತಿತ್ತು. ಆ ಏಕಶಿಲೆ ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಶಾಖ ಬಿಡುತ್ತದೆ. ಆ ಹೊತ್ತಿಗೆ ಸರಿಯಾಗಿ ಸೀನಿಯರ್ ಕಕ್ಷಿದಾರರನ್ನು ನೋಡುತ್ತಿದ್ದರು. ಸಿರಾ, ಕೊರಟಗೆರೆ, ಪಾವಗಡ, ಎಲ್ಲ ಕಡೆಯಿಂದಲೂ ಜನ ಬಂದು ಜಗಲಿಯ ಬೆಂಚಿನ ಮೇಲೆ ಕೂತಿರುತ್ತಿದ್ದರು. ಕೊರಟಗೆರೆ ಕಡೆಯವರು ಶುಕ್ರವಾರ ಬಂದರೆ ಮೊದಲು ಗೊರವನಹಳ್ಳಿಗೆ ಹೋಗಿ ಲಕ್ಷ್ಮಿಗೆ ಕೈಮುಗಿದು, ಹಣೆಯ ಕುಂಕುಮದೊಡನೆ ಬರುವರು. "ಅಮ್ಮನ್ನ ಕೇಳ್ಕಂಡು ಬಂದ್ವಿ ಸ್ವಾಮಿ. ಇನ್ ನಿಮ್ ಮಾತೊಂದು ಆಗ್ಬುಟ್ರೆ ಮುಗೀತು" ಅನ್ನುವರು. ದೇವಿಯ ನಂತರದ ಸ್ಥಾನ ತಮಗೆ ಸಿಕ್ಕಿದ್ದಕ್ಕೆ ಸೀನಿಯರ್ ಬೀಗಿದ್ದನ್ನು ನಾನು ಕಾಣಲಿಲ್ಲ. ದೇವಿಯ ತೀರ್ಪಿಗೆ ಅಪೀಲು ಇಲ್ಲ, ತಮ್ಮದಕ್ಕೆ ಇದೆ ಎನ್ನುತ್ತಿದ್ದರು.

ಅವರ ರೀತಿ ಹೀಗಿತ್ತು. ಕಕ್ಷಿದಾರ ಅಜ್ಜನ ಕಾಲದಿಂದ ಕಥೆ ಶುರುಮಾಡಿದರೂ ತಡೆಯುತ್ತಿರಲಿಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದು, ಕೊರಳಿಂದ ಇಳಿಬಿದ್ದ ಬಿಳಿ ಬ್ಯಾಂಡಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಹೇಳುವರು. ಆಮೇಲೆ ಆ ತೀರ್ಮಾನ ಎಂಥದು ಎಂಬುದಕ್ಕೆ ಒಂದು ಇಂಗ್ಲಿಷ್ ಪದ. ಒಂದೇ ಒಂದು. ಸೆನ್ಸಿಬಲ್. ಸೌಂಡ್. ಪ್ರೂಡೆಂಟ್. ಜುಡಿಷಿಯಸ್. ಡಾಕ್ಟರು ಚೀಟಿ ಹರಿದು ಕೊಟ್ಟ ಹಾಗೆ. ಕಕ್ಷಿದಾರ ಅದನ್ನು ಬಾಯಲ್ಲೇ ಎರಡು ಸಲ ಅಂದುಕೊಂಡು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ.

ಇಂಗ್ಲಿಷ್ ಯಾಕೆ ಎಂದು ಒಮ್ಮೆ ಕೇಳಿದೆ.

"ಕನ್ನಡದಲ್ಲಿ 'ಇದು ಒಳ್ಳೇದು' ಅಂದು ನೋಡು," ಎಂದರು. "ಮನೆಗೆ ಹೋಗೋದರೊಳಗೆ ಅದನ್ನ ತನಗೆ ಬೇಕಾದ ಹಾಗೆ ತಿರುಚಿಕೊಂಡಿರ್ತಾನೆ. ಗೊತ್ತಿಲ್ಲದ ಪದ ಆದರೆ ತಿರುಚೋಕೆ ಹಿಡಿ ಸಿಗಲ್ಲ. ಕೊಟ್ಟ ಹಾಗೇ ಇಟ್ಟುಕೊಂಡಿರ್ತಾನೆ."

ಕಾರಣ ನನಗೆ ಒಪ್ಪಿಗೆಯಾಯಿತು. ನನಗೆ ಯಾವ ಕಾರಣವಾದರೂ ಮೊದಲು ಒಪ್ಪಿಗೆಯಾಗುತ್ತದೆ. ಅನುಮಾನ ಬರುವುದು ರಾತ್ರಿ ಮಲಗಿದ ಮೇಲೆ.

ಆ ಪದಗಳನ್ನು ಅವರು ಒಂದರ ಬದಲು ಇನ್ನೊಂದು ಬಳಸುತ್ತಿರಲಿಲ್ಲ. ನಾನು ಒಂದು ಸಲ ಕೋರ್ಟಿಗೆ ಸಲ್ಲಿಸುವ ಪ್ಲೀಡಿಂಗಿನಲ್ಲಿ ಪ್ರೂಡೆಂಟ್ ಎಂಬಲ್ಲಿ ಸೆನ್ಸಿಬಲ್ ಎಂದು ಬರೆದಾಗ ಕಾಗದವನ್ನು ನನ್ನ ಕಡೆ ತಳ್ಳಿದರು. "ಮಳೆ ಬರ್ತಿರೋವಾಗ ಛತ್ರಿ ಬಿಚ್ಚೋನು ಸೆನ್ಸಿಬಲ್. ಅದಕ್ಕೆ ಹೊಗಳಿಕೆ ಯಾಕೆ? ಮೋಡ ನೋಡಿ ಮನೆಯಿಂದಲೇ ಛತ್ರಿ ತಂದೋನು ಪ್ರೂಡೆಂಟ್." ಸೌಂಡ್ ಅಂದರೆ, ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆ ಯಾವ ಕಡೆ ತಟ್ಟಿದರೂ ಬಿರುಕಿನ ಸದ್ದು ಬಾರದ ತೀರ್ಮಾನ. ಜುಡಿಷಿಯಸ್ ಅಂದರೆ ಎರಡೂ ಕಡೆಯನ್ನು ತೂಗಿ, ತಕ್ಕಡಿಯ ಮೇಲೆ ಬೆರಳಿಡದೆ ಹೇಳಿದ್ದು. ಎಕ್ಸ್‌ಪೀಡಿಯೆಂಟ್ ಎಂದರೆ ಈ ಹೊತ್ತಿನ ಕೆಲಸ ಆಗುತ್ತದೆ, ಅದನ್ನು ನ್ಯಾಯ ಎಂದು ಮಾತ್ರ ಕರೆಯಬೇಡ ಎಂದರ್ಥ. ಮಳೆಯನ್ನೇ ಅಪರೂಪವಾಗಿ ಕಾಣುವ ನಮ್ಮ ಕಡೆಯವರಿಗೆ ಛತ್ರಿಯ ಉದಾಹರಣೆ ಕೊಟ್ಟರಲ್ಲ ಎಂದು ನನಗೆ ಅನ್ನಿಸಿತು. ಹೇಳಲಿಲ್ಲ. ಹೇಳುವುದು ಪ್ರೂಡೆಂಟ್ ಆಗಿರಲಿಲ್ಲ.

ಸಿರಾದಿಂದ ಮರದ ಡಿಪೋದ ಸಾಹುಕಾರರೊಬ್ಬರು ಬರುತ್ತಿದ್ದರು. ಪಕ್ಕದ ಜಾಗದವನಿಗೆ ತಮ್ಮ ಡಿಪೋದೊಳಗಿಂದ ಗಾಡಿ ಓಡಾಡಲು ದೊಡ್ಡ ಮನಸ್ಸಿನಿಂದ ದಾರಿ ಬಿಟ್ಟಿದ್ದರು. ದಾರಿಗಾಗಿ ಹಾಕಿದ್ದ ದಾವಾವನ್ನು ಅವನು ಸಂತೋಷದಿಂದ ವಾಪಸು ಪಡೆದ ಮೇಲೆ, ಬಿಟ್ಟ ದಾರಿಗೆ ಬಾಗಿಲಿಟ್ಟು ಬೀಗದ ಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಸೀನಿಯರ್ ಎಲ್ಲ ಕೇಳಿ "ಷ್ರೂಡ್" ಎಂದರು. ಸಾಹುಕಾರರ ಮುಖ ಅರಳಿತು. ಸಿರಾ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಯಾರಾದರೂ ಅದರ ಅರ್ಥ ಹೇಳಿ, ಇವರು ಸಿಟ್ಟಾಗಿ ಬಂದರೆ ಏನು ಮಾಡುವುದೆಂದು ನಾನು ಅಂಜುತ್ತ ಕೂತಿದ್ದೆ. ಮುಂದಿನ ವಾಯಿದೆಗೆ ಬಂದವರು, "ನನ್ನ ಮಗ ಡಿಕ್ಷನರಿ ತೆಗೆದು ನೋಡ್ದ ವಕೀಲ್ ಸಾಬ್. ತನ್ನ ಲಾಭ ಕಾಣೋ ಜಾಣ ಅಂತ ಇದೆಯಂತೆ. ವ್ಯಾಪಾರದೋನಿಗೆ ಇನ್ನೇನು ಬೇಕು? ಬಹುತ್ ಖುಷಿ!" ಎಂದರು. ಸೀನಿಯರ್ ಕನ್ನಡಕ ಒರೆಸತೊಡಗಿದರು.

ನನಗೂ ಒಂದು ಪದ ಸಿಕ್ಕಿತ್ತು. ಹಳೆಯ ಸ್ಕೂಟರ್ ಒಂದನ್ನು ಕೊಳ್ಳಬೇಕೋ ಬೇಡವೋ ಎಂದು ನಾನು ಬಹಳ ದಿನ ತೊಳಲಾಡಿ, ಕಡೆಗೆ ಅವರ ಮುಂದೆ ಹೋಗಿ ಪರ ವಿರೋಧ ಎರಡನ್ನೂ ವಾದಿಸಿದೆ. ಅವರು ಕೇಳಿದರು. "ಹಾರ್ಮ್‌ಲೆಸ್" ಎಂದರು. ಸ್ಕೂಟರನ್ನು ಅಂದರೋ, ತೀರ್ಮಾನವನ್ನು ಅಂದರೋ, ನನ್ನನ್ನು ಅಂದರೋ ಇಂದಿಗೂ ಖಚಿತವಾಗಿಲ್ಲ.

ಆಫೀಸಿನ ಹಿಂದೆಯೇ ಮನೆ. ಅವರ ಹೆಂಡತಿ ನಮಗೆ ಕಾಫಿ ಕೊಡುತ್ತ ಹೇಳುವರು, "ಊರೋರಿಗೆಲ್ಲ ಹೀಗೆ ಮಾಡಿ, ಹಾಗೆ ಮಾಡಿ ಅಂತಾರಲ್ಲ, ಸಂತೇಲಿ ಬದನೆಕಾಯಿ ಮುಂದೆ ನಿಲ್ಲಿಸಿ ನೋಡು ಇವರನ್ನ. ಗುಡ್ಡೆ ಖಾಲಿ ಆದರೂ ಇವರ ಚೀಲಕ್ಕೆ ಒಂದೂ ಬಿದ್ದಿರಲ್ಲ."

"ಒಳಗಡೆ ಹುಳ ಇದೆಯೋ ಇಲ್ಲವೋ ಅನ್ನೋದಕ್ಕೆ ಏನು ಸಾಕ್ಷಿ ಇದೆ?" ಎಂದು ಒಳಗಿನಿಂದ ಸೀನಿಯರ್ ದನಿ ಬರುತ್ತಿತ್ತು.

"ಕೊಯ್ದರೆ ಗೊತ್ತಾಗುತ್ತೆ!"

"ಕೊಂಡ ಮೇಲೆ ತಾನೇ ಕೊಯ್ಯೋದು?"

ಈ ವಾದ ಅವರ ಸಂಸಾರ ಇರುವವರೆಗೂ ಇತ್ಯರ್ಥವಾಗಲಿಲ್ಲ.

ಇನ್ನು ಆಫೀಸಿನ ಎದುರಿಗಿದ್ದ ಟೀ ಹೋಟೆಲಿನ ವಿಷಯ ಹೇಳಬೇಕು. ಸೀನಿಯರ್ ಅಲ್ಲಿಗೆ ಕಾಲಿಟ್ಟವರಲ್ಲ. ಕಕ್ಷಿದಾರರು ಮಾತ್ರ ಪದ ತೆಗೆದುಕೊಂಡು ನೇರ ಅಲ್ಲಿಗೇ ಹೋಗುತ್ತಿದ್ದರು. ಅಲ್ಲಿ ದಿನಾ ಕೂರುವ ನಾಲ್ಕಾರು ಹಳೆಯ ವ್ಯಾಜ್ಯಗಾರರಿದ್ದರು. ಅವರು ಇಂಗ್ಲಿಷ್ ಕಲಿತವರಲ್ಲ. ಆದರೆ ಯಾವ ಪದ ಹೇಳಿಸಿಕೊಂಡವನ ಕೇಸು ಮುಂದೆ ಏನಾಯಿತು ಎಂಬುದನ್ನು ವರ್ಷಗಟ್ಟಲೆ ನೋಡಿದ್ದರು. ನೋಡಿ ನೋಡಿ ತಾವೇ ಅರ್ಥ ಕಟ್ಟಿದ್ದರು. ಸೌಂಡ್ ಅಂದರೆ ಗೆಲ್ಲುವ ಕೇಸು, ಇವತ್ತೇ ದಾವಾ ಹಾಕು. ಎಕ್ಸ್‌ಪೀಡಿಯೆಂಟ್ ಅಂದರೆ ಪದವೇ ಉದ್ದ, ಕೇಸೂ ಉದ್ದ. ಪ್ರೂಡೆಂಟ್ ಎಂದು ಸೀನಿಯರ್ ಹೇಳುತ್ತಿದ್ದದ್ದು ರಾಜಿ ಮಾಡಿಕೊಳ್ಳಲು ಹೇಳುವಾಗ. ಆದ್ದರಿಂದ ಹೋಟೆಲಿನ ಪ್ರಕಾರ ಪ್ರೂಡೆಂಟ್ ಅಂದರೆ ಕೇಸಿನಲ್ಲಿ ಏನೂ ಹುರುಳಿಲ್ಲ, ಸೋಲುವವನ ಬೆನ್ನು ಸವರಲು ಹೇಳುವ ಮಾತು. ಇದೆಲ್ಲ ನಮ್ಮ ಗುಮಾಸ್ತ ರಂಗಪ್ಪನಿಗೆ ಗೊತ್ತಿತ್ತು. ಅವನು ಅಲ್ಲಿಯೇ ಬೋಂಡ ತಿನ್ನುವವನು. ಸೀನಿಯರ್ ಒಬ್ಬರಿಗೇ ಗೊತ್ತಿರಲಿಲ್ಲ. ಹಿಡಿ ಇಲ್ಲದ ಪದ ಎಂದು ಅವರು ಕೊಟ್ಟದ್ದಕ್ಕೆ ಜನ ರಸ್ತೆ ದಾಟುವುದರೊಳಗೆ ಹಿಡಿ ಹಾಕಿಸಿಕೊಂಡಿದ್ದರು.

ಇದರ ಪೆಟ್ಟು ಬಿದ್ದದ್ದು ಚಿತ್ತಯ್ಯನಿಗೆ.

ಚಿತ್ತಯ್ಯ ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದ ಕಡೆಯ ಒಂದು ಗೊಲ್ಲರ ಹಟ್ಟಿಯವನು. ಅವನಿಗೊಬ್ಬ ತಮ್ಮ, ಕಾಟಯ್ಯ. ಇಬ್ಬರ ಕುರಿಯೂ ಒಂದೇ ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿ ಕಟ್ಟಿದ ದೊಡ್ಡಿಯಲ್ಲಿ, ರಾತ್ರಿ ತಂಗುತ್ತಿದ್ದವು. ಅಪ್ಪನ ಕಾಲದ ರೊಪ್ಪ. ಅದರಲ್ಲಿ ಬೀಳುವ ಗೊಬ್ಬರಕ್ಕೆ ಹೊಳವನಹಳ್ಳಿ ಕಡೆಯ ತೋಟದವರು ಲಾರಿ ತರುತ್ತಿದ್ದರು. ಕಾಟಯ್ಯ ಮದುವೆಯಾದ ಮೇಲೆ ತನ್ನ ಅರ್ಧ ಬಿಡಿಸಿಕೊಡು, ನಡುವೆ ಬೇಲಿ ಹಾಕುತ್ತೇನೆ ಎಂದ. ರೊಪ್ಪ ಹೋಳು ಮಾಡುವ ವಸ್ತುವಲ್ಲ ಎಂದು ಚಿತ್ತಯ್ಯ. ಮಾತು ಬೆಳೆದು, ಕಾಟಯ್ಯ ಮಧುಗಿರಿಯ ಇನ್ನೊಬ್ಬ ವಕೀಲರನ್ನು ಹಿಡಿದ. ಚಿತ್ತಯ್ಯ ನಮ್ಮ ಬೆಂಚಿನ ಮೇಲೆ ಬಂದು ಕೂತ.

"ದಾವಾ ಆಕ್ಬುಡಾನ ಸ್ವಾಮಿ?" ಎಂದ. "ಅಪ್ಪ ಸಾಯೋವಾಗ ರೊಪ್ಪ ನಂಗೇ ಅಂತ ಹಟ್ಟಿ ಜನ್ರ ಮುಂದೆ ಹೇಳವ್ನೆ. ಸಾಕ್ಷಿ ಅವ್ರೆ."

ಸೀನಿಯರ್ ಎಲ್ಲ ಕೇಳಿದರು. ದಾವಾ ಬಿದ್ದರೆ ಮೊದಲು ಬರುವುದು ತಡೆಯಾಜ್ಞೆ. ಆ ರೊಪ್ಪಕ್ಕೆ ಇಬ್ಬರೂ ಕುರಿ ಹೊಡೆಯುವಂತಿಲ್ಲ ಎಂದಾಗಬಹುದು. ಮರಿ ಹಾಕುವ ಕಾಲ ಹತ್ತಿರವಿತ್ತು. ಬೇಲಿಯಿಲ್ಲದ ಬಯಲಲ್ಲಿ ಎಳೆಮರಿ ಬಿಟ್ಟರೆ ಬೆಟ್ಟದ ತೋಳಗಳಿಗೆ ಹಬ್ಬ. ಕೇಸು ಮುಗಿಯುವ ಹೊತ್ತಿಗೆ ಗೆದ್ದವನಿಗೆ ರೊಪ್ಪ ಉಳಿದಿರುತ್ತದೆ, ಒಳಗೆ ಕೂಡಲು ಕುರಿ ಉಳಿದಿರುವುದಿಲ್ಲ. ಇದನ್ನೆಲ್ಲ ತಿಳಿಯುವಂತೆ ಹೇಳಿ, "ನೀನು ಗೆಲ್ಲಬಹುದು. ಆದರೂ ಅರ್ಧ ಬಿಟ್ಟು ರಾಜಿ ಮಾಡಿಕೊ ಚಿತ್ತಯ್ಯ. ಪ್ರೂಡೆಂಟ್" ಎಂದರು.

ಚಿತ್ತಯ್ಯ ರಸ್ತೆ ದಾಟಿದ. ಹೋಟೆಲಿನಲ್ಲಿ ಹಳೆಯ ವ್ಯಾಜ್ಯಗಾರನೊಬ್ಬ ಲೋಟ ಕೆಳಗಿಟ್ಟು, "ಪ್ರೂಡೆಂಟ್ ಅಂದ್ರಾ? ಅಯ್ಯೋ, ಹೋಯ್ತು ಬುಡ್ಲಾ ನಿನ್ ರೊಪ್ಪ" ಎಂದನಂತೆ. ಇದನ್ನು ರಂಗಪ್ಪ ಆಮೇಲೆ ಹೇಳಿದ. ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಹಟ್ಟಿಯ ಇನ್ನೊಬ್ಬನ ಕಿವಿಗೂ ಅದು ಬಿತ್ತು. ಬಸ್ಸಿನಿಂದ ಚಿತ್ತಯ್ಯನಿಗಿಂತ ಅವನೇ ಮೊದಲು ಇಳಿದಿರಬೇಕು. ಅಣ್ಣನಿಗೆ ಪ್ರೂಡೆಂಟ್ ಹೇಳಿದ್ದಾರೆ ಎಂದು ಗೊತ್ತಾದ ಮೇಲೆ, ಅರ್ಧ ಕೇಳಿದ್ದ ಕಾಟಯ್ಯ ಅರ್ಧಕ್ಕೆ ಯಾಕೆ ನಿಲ್ಲಬೇಕು ಎಂದುಕೊಂಡ. ಪೂರ್ತಿ ರೊಪ್ಪವೂ ತನ್ನದೇ ಎಂದು ಅವನ ವಕೀಲರಿಂದ ನೋಟೀಸು ಬಂತು.

ಚಿತ್ತಯ್ಯ ನೋಟೀಸು ಹಿಡಿದು ಬಂದ. ಬೆಂಚಿನ ಮೇಲೆ ಕೂರಲಿಲ್ಲ.

"ನೀವು ಆ ಮಾತ್ ಆಡ್ದೆ ಇದ್ದಿದ್ರೆ ಅರ್ಧನಾದ್ರೂ ಉಳೀತಿತ್ತಲ್ಲ ಸ್ವಾಮಿ!"

"ಯಾವ ಮಾತಯ್ಯ?"

"ಅದೇ, ಪ್ರೂಡೆಂಟು! ಕೇಸು ಸತ್ತೋಯ್ತು ಅಂತ ನಿಮ್ ಬಾಯಿಂದ್ಲೇ ಬಂದ್ಬುಟ್ರೆ ಅವ್ನು ಯಾಕ್ ರಾಜಿಗೆ ಬತ್ತಾನೆ?"

ಸೀನಿಯರ್ ನನ್ನ ಮುಖ ನೋಡಿದರು. ನಾನು ರಂಗಪ್ಪನ ಮುಖ ನೋಡಿದೆ. ರಂಗಪ್ಪ ಗೋಡೆ ನೋಡಿದ. ಸೀನಿಯರ್ ಅವನನ್ನು ಎದುರಿಗೆ ಕೂರಿಸಿಕೊಂಡು, ರಸ್ತೆಯಾಚೆ ತಮ್ಮ ಪದಗಳಿಗೆ ಏನೇನು ಅರ್ಥ ಎಂದು ಒಂದೊಂದಾಗಿ ಕೇಳಿದರು. ರಂಗಪ್ಪ ಮೊದಲು ತೊದಲಿದ, ಆಮೇಲೆ ಹುರುಪು ಬಂದು ಜುಡಿಷಿಯಸ್‌ಗೆ ಎರಡು ಅರ್ಥ ಹೇಳಿದ. ಸೀನಿಯರ್ ಬೈಯಲಿಲ್ಲ. ಮೇಷ್ಟರ ಮುಂದೆ ಕೂತ ಹುಡುಗನ ಹಾಗೆ ಕೇಳಿಸಿಕೊಂಡರು. ಕಡೆಗೆ, "ಅವರು ಹೇಳೋದರಲ್ಲಿ ತಪ್ಪಿಲ್ಲ ಕಣಯ್ಯ," ಎಂದರು. "ನಾನು ಪದದ ಅರ್ಥ ನೋಡ್ದೆ. ಅವರು ನಾನು ಅದನ್ನ ಯಾವಾಗ ಹೇಳ್ತೀನಿ ಅನ್ನೋದನ್ನ ನೋಡಿದರು."

ಭಾನುವಾರ ನಿಡುಗಲ್ ಕಡೆಗೆ ಹೊರಡೋಣ ಎಂದು ನನಗೆ ಹೇಳಿದರು. ಎದುರು ಪಾರ್ಟಿಯ ಮನೆಬಾಗಿಲಿಗೆ ವಕೀಲ ಹೋಗುವುದೆಂದರೆ ವಕೀಲಿಯ ಸನ್ನದು ಕಳೆದುಕೊಳ್ಳುವ ಕೆಲಸ ಎಂದು ನನಗೆ ಎಲ್ಲೋ ಓದಿದ ನೆನಪು. ಹಾಗೆಂದೆ. ಅವರು ಎದ್ದು ಹೋಗಿ ಕಾಟಯ್ಯನ ವಕೀಲರ ಒಪ್ಪಿಗೆ ಪಡೆದುಕೊಂಡೇ ಬಂದರು. ಆ ವಕೀಲರು, "ದಯವಿಟ್ಟು ಹೋಗಿ ಬನ್ನಿ ಸಾರ್, ಆ ಅಣ್ಣತಮ್ಮಂದಿರ ಕೂಗಾಟಕ್ಕೆ ನನ್ನ ಹೆಂಡತಿ ಆಫೀಸನ್ನೇ ಬೇರೆ ಕಡೆ ಮಾಡಿ ಅಂತಿದಾಳೆ" ಎಂದರಂತೆ. ನನ್ನ ಒಂದು ಚಿಂತೆ ತೀರಿತು. ಬಸ್ಸಿನ ಬ್ರೇಕಿನ ವಿಷಯ ಮಾತ್ರ ಉಳಿಯಿತು.

ಹಟ್ಟಿ ತಲುಪುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ರೊಪ್ಪದೊಳಕ್ಕೆ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ. ಸೀನಿಯರ್ ಬೂಟು ಬಿಚ್ಚಿ ಬೇಲಿಯ ಹೊರಗಿಟ್ಟರು. ನಾನೂ ಬಿಚ್ಚಿದೆ. ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ನಿಂತಿತು. ಇಡೀ ಮಾತುಕತೆಯುದ್ದಕ್ಕೂ ನಾನು ಅದನ್ನು ಗೊಬ್ಬರದಲ್ಲಿ ಮುಚ್ಚಿಡುವುದರಲ್ಲೇ ಇದ್ದೆ. ಸೀನಿಯರ್ ಒಂದು ಕಲ್ಲಿನ ಮೇಲೆ ಕೂತರು. ಚಿತ್ತಯ್ಯ ಒಂದು ಕಡೆ, ಕಾಟಯ್ಯ ಇನ್ನೊಂದು ಕಡೆ. ಅವರ ತಾಯಿ ಬೇಲಿಯ ಬಾಗಿಲಲ್ಲಿ ನಿಂತಿದ್ದಳು.

ಕಾಟಯ್ಯ ಆಂಧ್ರದ ಗಡಿಯಾಚೆ ಹೆಣ್ಣು ತಂದವನು. ಮಾತಿನಲ್ಲಿ ತೆಲುಗು ಬೆರೆತಿತ್ತು. "ಸರೇ ಸ್ವಾಮಿ, ನೀವೇ ಹೇಳಿ. ಅಣ್ಣ ಅಂತ ನಾನು ಇಷ್ಟ್ ದಿನ ತಗ್ಗಿ ನಡೆದಿದ್ದಕ್ಕೆ ಏಂ ಲಾಭಮು? ಗೊಬ್ರ ಮಾರಿದ್ದೂ ಅವ್ನೇ, ಮಾತ್ ಆಡಿದ್ದೂ ಅವ್ನೇ."

"ಲೇ, ನಿನ್ ಕುರಿ ಕಾಯಿಲೆ ಬಿದ್ದಾಗ ಮದ್ದು ಕುಡಿಸ್ದೋನು ಯಾವನ್ಲಾ?" ಚಿತ್ತಯ್ಯ ಎದ್ದ.

"ಕುಡಿಸ್ದೆ, ಸರಿ. ಊರಿಗೆಲ್ಲ ಹೇಳ್ಕಂಡು ತಿರುಗಿದ್ದೂ ನೀನೇ!"

"ಕೂತ್ಕಳ್ರೋ ಇಬ್ರೂ," ಎಂದಳು ತಾಯಿ. "ದೂರದಿಂದ ಬಂದವ್ರೆ ಅವ್ರು. ಬೂಟ್ ಬ್ಯಾರೆ ಬಿಚ್ಚವ್ರೆ."

ಸೀನಿಯರ್ ಒಂದು ಇಂಗ್ಲಿಷ್ ಪದವನ್ನೂ ಆಡಲಿಲ್ಲ. ನಡುವೆ ಬೇಲಿ ಹಾಕಿದರೆ ಬಾಗಿಲು ಯಾವ ಕಡೆ, ನೀರಿನ ತೊಟ್ಟಿ ಯಾರ ಪಾಲಿಗೆ, ಗಾಳಿ ಯಾವ ಕಡೆಯಿಂದ ಎಂದು ಕೇಳಿಕೊಂಡರು. ಇಬ್ಬರೂ ಜಗಳದ ದನಿಯಲ್ಲೇ ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ಕುರಿ ಮಂದೆ ಬಂತು. ಆ ಧೂಳು, ಆ ಅರಚಾಟದಲ್ಲಿ ಯಾರ ಮಾತೂ ಕೇಳದಂತಾಯಿತು. ಮಂದೆಗೆ ಕಳಿಸದೆ ರೊಪ್ಪದ ಮೂಲೆಯಲ್ಲಿ ಬುಟ್ಟಿ ಕವುಚಿ ಇಟ್ಟಿದ್ದ ಎಳೆಮರಿಗಳನ್ನು ಬಿಟ್ಟರು. ಮರಿಗಳು ತಾಯಿ ಹುಡುಕುತ್ತ, ತಾಯಂದಿರು ಮರಿ ಹುಡುಕುತ್ತ, ಎಲ್ಲ ಕಲಸಿಹೋಯಿತು. ದೊಡ್ಡ ಕುರಿಗಳ ಕಿವಿಯ ಮೇಲೆ ಅಣ್ಣನದೊಂದು, ತಮ್ಮನದೊಂದು ಕೊಯ್ದ ಗುರುತಿತ್ತು. ಮರಿಗಳಿಗೆ ಇನ್ನೂ ಇರಲಿಲ್ಲ. ಕಾಟಯ್ಯ ಮಾತಿನ ನಡುವೆಯೇ ಕಾಲಿಗೆ ಸಿಕ್ಕ ಮರಿಯೊಂದನ್ನು ಎತ್ತಿ, ಮೂಸುತ್ತ ಅಲೆಯುತ್ತಿದ್ದ ಒಂದು ಕುರಿಯ ಹೊಟ್ಟೆಯ ಕೆಳಗೆ ಬಿಟ್ಟ. ಅದು ಚಿತ್ತಯ್ಯನ ಕುರಿ. ಬಿಟ್ಟು ಬಂದು ಮತ್ತೆ ಅಣ್ಣನನ್ನು ಬೈಯತೊಡಗಿದ.

ಸೀನಿಯರ್ ಇದನ್ನು ನೋಡಿದರೋ ಇಲ್ಲವೋ, ಅದರ ಬಗ್ಗೆ ಏನೂ ಅನ್ನಲಿಲ್ಲ. ಕತ್ತಲಾಗುವ ಮುಂಚೆ ಅವರು ಹೇಳಿದ್ದು ಇಷ್ಟು: ರೊಪ್ಪ ಒಂದೇ ಇರಲಿ, ಇಬ್ಬರದೂ. ಒಂದು ವರ್ಷದ ಗೊಬ್ಬರ ಅಣ್ಣ ಮಾರಲಿ, ಮರುವರ್ಷದ್ದು ತಮ್ಮ. ಮನೆ ಕಟ್ಟಲು ರಸ್ತೆಯ ಕಡೆ ಸ್ವಲ್ಪ ಜಾಗ ಕಾಟಯ್ಯನಿಗೆ ಬಿಡಬೇಕು. ಅದನ್ನು ಚಿತ್ತಯ್ಯ ಬರೆದುಕೊಡಬೇಕು. ಬೇಲಿ ಒಡೆದರೆ ಇಬ್ಬರೂ ಕಟ್ಟಬೇಕು.

ಇಬ್ಬರೂ ತಾಯಿಯ ಕಡೆ ನೋಡಿದರು. ತಾಯಿ ಕುರಿಯ ಕಡೆ ನೋಡಿದಳು. ಸ್ವಲ್ಪ ಹೊತ್ತು ಗೊಣಗಿ 'ಆಯ್ತು' ಎಂದು ಮೊದಲು ಅಂದವನು ಕಾಟಯ್ಯ. ಚಿತ್ತಯ್ಯ ತಲೆಯಾಡಿಸಿದ. ನಾನು ಹೆಬ್ಬೆರಳನ್ನು ಹೊರಗೆ ತೆಗೆದೆ. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ.

"ಈಗೇಳಿ ಸ್ವಾಮಿ, ಇಂಗ್ಲೀಸ್ನಾಗೆ ಇದ್ಕೇನಂತಾರೆ?" ಎಂದ ಚಿತ್ತಯ್ಯ. "ಆ ಪ್ರೂಡೆಂಟ್ ಒಂದ್ ಬ್ಯಾಡ."

"ಇಬ್ರಿಗೂ ಒಂದೇ ಮಾತು ಹೇಳ್ಬೇಕು," ಎಂದ ಕಾಟಯ್ಯ. "ಅಣ್ಣಂಗೊಂದು ನಂಗೊಂದು ಅಂದ್ರೆ ಒಪ್ಪಂದ ಲೇದು."

ನಾನು ಸೀನಿಯರ್ ಮುಖ ನೋಡಿದೆ. ಒಂದು ಪದದಿಂದ ಕೆಟ್ಟ ಕೆಲಸ ಇನ್ನೊಂದು ಪದದಿಂದ ಮತ್ತೆ ಕೆಡುವ ಲಕ್ಷಣ ಸ್ಪಷ್ಟವಾಗಿತ್ತು. ಏನು ಹೇಳಿದರೂ ನಾಳೆ ಹೋಟೆಲಿನಲ್ಲಿ ಅದರ ಅರ್ಥ ಹುಟ್ಟುತ್ತದೆ. ಹೇಳದೆ ಹೋದರೆ ಇವರಿಬ್ಬರೂ ಇದನ್ನು ತೀರ್ಮಾನ ಎಂದೇ ಒಪ್ಪುವುದಿಲ್ಲ.

ಸೀನಿಯರ್ ನಿಧಾನವಾಗಿ ಹೇಳಿದರು. "ಇದಕ್ಕೊಂದು ಪದ ಇದೆ. ಬಾಕಿ ಪದ ಎಲ್ಲ ಕೆಲಸಕ್ಕೆ ಮುಂಚೆ ಹೇಳಬಹುದು. ಇದನ್ನ ಮಾತ್ರ ಮುಂಚೆ ಹೇಳೋ ಹಾಗಿಲ್ಲ, ಆದ ಮೇಲೇ ಹೇಳಬೇಕು. ನಾನು ಇದುವರೆಗೂ ಯಾವ ಕಕ್ಷಿದಾರನಿಗೂ ಹೇಳಿಲ್ಲ. ನಿಮ್ಮ ಮಕ್ಕಳು ಬೆಳೆದು ಈ ಮಂದೆಯ ಹಿಂದೆ ಹೋಗೋ ಕಾಲ ಬರಲಿ. ಆಗಲೂ ರೊಪ್ಪ ಹೀಗೇ ಇದ್ದರೆ ಇಬ್ಬರೂ ಒಟ್ಟಿಗೆ ಬನ್ನಿ, ಹೇಳ್ತೀನಿ. ಒಬ್ಬನೇ ಬಂದರೆ ಬಾಗಿಲು ತೆಗೆಯಲ್ಲ."

ಅಣ್ಣ ತಮ್ಮ ಆ ಸಂಜೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅದು ಯಾವ ಪದ ಎಂದು ಕೇಳಿದೆ. "ನೀನೇ ಯೋಚನೆ ಮಾಡು," ಎಂದರು. "ನಿನಗೆ ಯೋಚನೆ ಮಾಡೋದು ಅಂದರೆ ಇಷ್ಟ ಅಲ್ವೇ?" ಹಾಗೆಂದು ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡಿದರು. ನಿದ್ದೆ ಬಂದಿತ್ತೆಂದು ನನಗೆ ನಂಬಿಕೆಯಿಲ್ಲ.

ಅದಾದ ಮೇಲೆ ಅವರು ಇಂಗ್ಲಿಷ್ ಪದ ಕೊಡುವುದನ್ನು ಬಿಟ್ಟರು. ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ಕನ್ನಡದಲ್ಲೇ ಉದ್ದಕ್ಕೆ ಹೇಳುವರು, ಕೇಳಿದವನ ಬಾಯಿಂದ ಮತ್ತೆ ಹೇಳಿಸುವರು. ಕಕ್ಷಿದಾರರಿಗೆ ಇದು ಹಿಡಿಸಲಿಲ್ಲ. "ಲಾಯರ್ರು ಈಗ ಮೊದಲಿನಂಗಿಲ್ಲ, ಮಾತೇ ಕೊಡಲ್ಲ" ಎಂದು ಹೋಟೆಲಿನಲ್ಲಿ ಅಂದುಕೊಂಡರು. ಅದೇ ಬೀದಿಯಲ್ಲಿ ಹೊಸ ವಕೀಲನೊಬ್ಬ ಎಲ್ಲರಿಗೂ ಎಕ್ಸಲೆಂಟ್ ಎನ್ನುತ್ತಾನೆಂದು ಸುದ್ದಿಯಾಗಿ, ನಮ್ಮ ಬೆಂಚು ಕೆಲವು ತಿಂಗಳು ಅರ್ಧ ಖಾಲಿಯಾಯಿತು. ನನ್ನ ನಿದ್ದೆ ಕೆಟ್ಟಿತು. ಸೀನಿಯರ್ ಬೆಂಚಿನ ಖಾಲಿ ಅರ್ಧದ ಮೇಲೆ ತಾವೇ ಕೂತು ಪೇಪರ್ ಓದತೊಡಗಿದರು. ಹೋಟೆಲಿಗೂ ಹೋಗತೊಡಗಿದರು. ಅಲ್ಲಿನ ಹಳಬರ ಜೊತೆ ಕೂತು, ಅವರು ಕೋರ್ಟಿನ ಬಗ್ಗೆ ಹೇಳುವ ಭವಿಷ್ಯವನ್ನು ಕೇಳಿಸಿಕೊಂಡು ಬಂದು, "ಇವತ್ತು ಅವರು ಹೇಳಿದ್ದು ಸರಿಯಾಗಿತ್ತು ಕಣಯ್ಯ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ, ಒಂದು ಬೇಸಿಗೆ ರಜೆಯಲ್ಲಿ, ಅವರು ತೀರಿಕೊಂಡರು. ರಜೆಯಾದ್ದರಿಂದ ಯಾರ ವಾಯಿದೆಗೂ ತೊಂದರೆಯಾಗಲಿಲ್ಲ. ಆಫೀಸು ನನಗೆ ಬಂತು, ರಂಗಪ್ಪನೂ ಬಂದ.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ನಾನು ಆಗ ತಾನೇ ಊಟ ಮುಗಿಸಿ ಹೊಟ್ಟೆ ಉಬ್ಬರಕ್ಕೆ ಏನು ಕಾರಣವಿರಬಹುದೆಂದು ಯೋಚಿಸುತ್ತಿದ್ದಾಗ, ಚಿತ್ತಯ್ಯ ಮತ್ತು ಕಾಟಯ್ಯ ಜಗಲಿ ಹತ್ತಿದರು. ಇಬ್ಬರ ತಲೆಯೂ ನೆರೆತಿತ್ತು. ಇಬ್ಬರನ್ನೂ ಒಟ್ಟಿಗೆ ಕಂಡ ಕೂಡಲೇ ಪಾಲಿನ ದಾವಾ ಎಂದೇ ನಾನು ಗಾಬರಿಯಾದೆ.

"ದಾವಾ ಅಲ್ಲ ಸ್ವಾಮಿ," ಎಂದ ಚಿತ್ತಯ್ಯ. "ದೊಡ್ಡ ಲಾಯರ್ರು ಒಂದ್ ಮಾತು ಬಾಕಿ ಇಕ್ಕಂಡಿದ್ರು."

"ಅವರು ಹೋಗಿಬಿಟ್ಟರಲ್ಲ ಚಿತ್ತಯ್ಯ."

"ಗೊತ್ತು ಸ್ವಾಮಿ. ಅದ್ಕೇ ನಿಮ್ತಾವ ಬಂದ್ವಿ. ಅವತ್ತು ನೀವೂ ಇದ್ರಿ. ನಿಮ್ಗೆ ಹೇಳಿರ್ತಾರೆ."

ನನಗೆ ಹೇಳಿರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕಾಲಾವಕಾಶ ಪಡೆಯಲು ವಕೀಲ ಮಾಡುವುದನ್ನೇ ಮಾಡಿದೆ, ಪಾಟೀಸವಾಲು ಶುರುಮಾಡಿದೆ.

"ಮಕ್ಕಳು ಮಂದೆ ಹಿಂದೆ ಹೋಗ್ತಾರಾ?"

"ಇವ್ನ ಮಗ, ನನ್ ಮಗ, ಇಬ್ರೂ ಜೊತೇಗೇ ಹೋಯ್ತಾರೆ," ಎಂದ ಚಿತ್ತಯ್ಯ.

"ರೊಪ್ಪ?"

"ಅಂಗೇ ಐತೆ."

"ಜಗಳ ಆಡಲಿಲ್ಲವೋ?"

ಕಾಟಯ್ಯ ನಕ್ಕ. "ಜಗಳ ಇಲ್ದೆ ಇರ್ತದಾ ಸ್ವಾಮಿ? ಹೋದ್ ತಿಂಗ್ಳು ಮಾತೇ ಬಿಟ್ಟಿದ್ವಿ."

"ಮತ್ತೆ ಹೇಗೆ ಸರಿಹೋಯಿತು?"

"ಸರಿ ಎಲ್ಲಿ ಹೋಯ್ತು? ಸಂಜೆ ಆದ್ರೆ ಕುರಿ ಬತ್ತವಲ್ಲ. ಒಬ್ರು ಬೇಲಿ ತಗೀಬೇಕು, ಇನ್ನೊಬ್ರು ಮರಿ ಬಿಡಬೇಕು. ಮಾತ್ ಬಿಟ್ಟು ಅದ್ ಮಾಡಾಕ್ಕಾಗಲ್ಲ ಸ್ವಾಮಿ."

ಇಬ್ಬರೂ ಬೆಂಚಿನ ಮೇಲೆ ಕಾಯುತ್ತ ಕೂತರು. ನಾನು ಪದಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದೆ. ಸೆನ್ಸಿಬಲ್ ಅಂದರೆ ಇವರು ಮಾಡಿದ್ದಕ್ಕೆ ಕಡಿಮೆಯಾಯಿತು. ಪ್ರೂಡೆಂಟ್ ಇವರೇ ಬೇಡ ಎಂದಿದ್ದರು. ಜುಡಿಷಿಯಸ್ ಎಂದರೆ ಅದು ಸೀನಿಯರ್‌ಗೆ ಸಲ್ಲಬೇಕು, ಇವರಿಗಲ್ಲ. ಆದ ಮೇಲೇ ಹೇಳಬೇಕಾದದ್ದು, ಮುಂಚೆ ಹೇಳಿದರೆ ಬರೀ ಹಾರೈಕೆಯಾಗುವಂಥದ್ದು ಒಂದೇ ಉಳಿಯಿತು. ಸೀನಿಯರ್ ಮನಸ್ಸಿನಲ್ಲಿದ್ದದ್ದು ಅದೇ ಎಂದು ಸಾಧಿಸಲು ನನ್ನ ಬಳಿ ಸಾಕ್ಷಿಯಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಸಾಕ್ಷಿಯಿಲ್ಲದೆ ತೀರ್ಮಾನ ಮಾಡಿದೆ.

"ವೈಸ್," ಎಂದೆ.

ಚಿತ್ತಯ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದ. ಇನ್ನೂ ಬರುವುದಿದೆ ಎಂದುಕೊಂಡಿದ್ದ. ಬಾರದೆ ಇದ್ದಾಗ ಅವನ ಮುಖ ಸಣ್ಣಗಾಯಿತು.

"ಅಷ್ಟೇನಾ ಸ್ವಾಮಿ? ಇಷ್ಟು ವರ್ಷ ಕಾಯಿಸಿ, ಇಷ್ಟ್ ಸಣ್ಣದಾ?"

ಕಾಟಯ್ಯ ಪದವನ್ನು ಒಂದು ಸಲ ಬಾಯಲ್ಲಿಟ್ಟು ನೋಡಿದ. ಆಮೇಲೆ ಹೆಗಲ ಟವೆಲು ಕೊಡವಿ ಎದ್ದು, ಅಣ್ಣನ ತೋಳು ಹಿಡಿದ.

"ಒಳ್ಳೇದೇ ಆಯ್ತು ಬುಡಣ್ಣ," ಎಂದ. "ಅರ್ಧ ಮಾಡಾಕೆ ಬರಲ್ಲ."